ಹಳೆಯ ಕ್ವಾಡ್‌ಗೆ ಹೊಸ ಪೊರೆ

ಕ್ವಾಡ್ ಇಎಸ್‌ಎಲ್ ಧ್ವನಿವರ್ಧಕದಲ್ಲಿ ಕೋನ್ ಇಲ್ಲ, ಅಯಸ್ಕಾಂತವಿಲ್ಲ, ಮರದ ಪೆಟ್ಟಿಗೆಯೂ ಇಲ್ಲ. ತೂತುಗಳಿರುವ ಎರಡು ಫಲಕಗಳ ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಪ್ಲಾಸ್ಟಿಕ್ ಪೊರೆ ಬಿಗಿದು ನಿಂತಿರುತ್ತದೆ, ಅದು ಕಂಪಿಸಿದಾಗ ಸಂಗೀತ ಕೇಳುತ್ತದೆ. ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನಲ್ಲಿ 1957ರಿಂದ 1985ರವರೆಗೆ ಇಂಥ ಸುಮಾರು 54,000 ಸ್ಪೀಕರ್‌ಗಳು ತಯಾರಾದವು. ಪೂರ್ಣ ಶ್ರೇಣಿಯ ಸ್ಥಿರವಿದ್ಯುತ್ ಸ್ಪೀಕರ್‌ಗಳಲ್ಲಿ ಮನೆಮನೆಗೆ ಮುಟ್ಟಿದ ಮೊದಲನೆಯದು ಇದೇ. ಮಾನವ ಕಂಠವನ್ನು, ಪಿಟೀಲನ್ನು ಇದು ಕೇಳಿಸುವ ರೀತಿಗೆ ಮನಸೋತವರು ಇಂದಿಗೂ ಹಳೆಯ ಜೋಡಿಗಳನ್ನು ಹುಡುಕುತ್ತಾರೆ. ಸಿಗುವ ಜೋಡಿಗಳಲ್ಲಿ ಹೆಚ್ಚಿನವು ಮೂಕವಾಗಿರುತ್ತವೆ, ಇಲ್ಲವೇ ಚಟಪಟ ಎನ್ನುತ್ತಿರುತ್ತವೆ. ಅವನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ಹಾಡಿಸುವುದು ಒಂದು ಕುಶಲ ಕೈಗೆಲಸವಾಗಿ ಬೆಳೆದಿದೆ.

ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟಿಕೊಳ್ಳುವುದು ಯಾವ ಬಲದಿಂದಲೋ ಈ ಸ್ಪೀಕರ್ ನಡೆಯುವುದೂ ಅದೇ ಬಲದಿಂದ. ಪೊರೆಗೆ ಸಾವಿರಾರು ವೋಲ್ಟ್‌ಗಳ ಡಿ.ಸಿ. ಒತ್ತಡ ಕೊಟ್ಟು ವಿದ್ಯುದಾವೇಶ ತುಂಬಲಾಗುತ್ತದೆ. ಈ ಮಾದರಿಯ ಎರಡು ಬಾಸ್ ಪ್ಯಾನೆಲ್‌ಗಳಿಗೆ 6,000 ವೋಲ್ಟ್, ನಡುವಿನ ಟ್ರೆಬಲ್ ಪ್ಯಾನೆಲ್‌ಗೆ 1,500 ವೋಲ್ಟ್. ಪೊರೆಯ ಹಿಂದೆ ಮುಂದೆ ಇರುವ ತೂತಿನ ಫಲಕಗಳಿಗೆ ಸ್ಟೇಟರ್ ಎಂದು ಹೆಸರು. ಆಂಪ್ಲಿಫೈಯರ್‌ನಿಂದ ಬಂದ ಸಂಗೀತದ ಸಂಕೇತವನ್ನು ಟ್ರಾನ್ಸ್‌ಫಾರ್ಮರ್ ಏರಿಸಿ ಎರಡು ಸ್ಟೇಟರ್‌ಗಳಿಗೂ ಒಂದಕ್ಕೊಂದು ವಿರುದ್ಧವಾಗಿ ಹಂಚುತ್ತದೆ. ಒಂದು ಕಡೆಯಿಂದ ತಳ್ಳು, ಇನ್ನೊಂದು ಕಡೆಯಿಂದ ಸೆಳೆತ. ಬಲ ಪೊರೆಯ ಉದ್ದಗಲಕ್ಕೂ ಬೀಳುವುದರಿಂದ ಕಾಗದದ ಕೋನಿನಂತೆ ಅದು ಅಲ್ಲಲ್ಲಿ ಬಾಗಿ ತನ್ನದೇ ಸ್ವರ ಸೇರಿಸುವುದಿಲ್ಲ. ಪೊರೆಯ ತೂಕ ಅದು ಅಲುಗಿಸುವ ಗಾಳಿಯ ತೂಕಕ್ಕಿಂತಲೂ ಕಡಿಮೆ. ದನಿಯ ಸ್ವಚ್ಛತೆಯ ಗುಟ್ಟೆಲ್ಲ ಇಲ್ಲಿದೆ.

ಈ ತತ್ವ ಹೊಸದಲ್ಲ. ಅಮೆರಿಕದಲ್ಲಿ ಎಡ್ವರ್ಡ್ ಕೆಲಾಗ್ ಅವರಿಗೆ 1934ರಲ್ಲೇ ಇಂಥ ಸ್ಪೀಕರಿನ ಪೇಟೆಂಟ್ ಸಿಕ್ಕಿತ್ತು. ಆದರೆ ಆಗ ತೆಳುವಾದ, ಗಟ್ಟಿಯಾದ ಪ್ಲಾಸ್ಟಿಕ್ ಪೊರೆ ಇರಲಿಲ್ಲ. ಹಾರ್ವರ್ಡ್‌ನ ಪ್ರೊಫೆಸರ್ ಎಫ್.ವಿ. ಹಂಟ್ 1954ರಲ್ಲಿ ಪ್ರಕಟಿಸಿದ ಗ್ರಂಥ, ಪೊರೆಯ ಮೇಲಿನ ಆವೇಶ ಕದಲದಂತಿದ್ದರೆ ಸ್ಪೀಕರ್ ವಿರೂಪವಿಲ್ಲದೆ ನುಡಿಯುತ್ತದೆ ಎಂಬುದನ್ನು ಗಣಿತದಿಂದ ತೋರಿಸಿತು. ಆ ತತ್ವವನ್ನು ಮಾರಾಟಕ್ಕೆ ಯೋಗ್ಯವಾದ ಸಾಮಾನನ್ನಾಗಿ ಮಾಡಿದವರು ಪೀಟರ್ ವಾಕರ್. 1936ರಲ್ಲಿ ಲಂಡನ್ನಿನಲ್ಲಿ, ಮುಂದೆ ಕ್ವಾಡ್ ತಯಾರಿಸಿದ ಕಂಪನಿ ಕಟ್ಟಿ, ಯುದ್ಧದ ಬಾಂಬ್ ದಾಳಿಯ ನಂತರ 1941ರಲ್ಲಿ ಹಂಟಿಂಗ್‌ಡನ್‌ಗೆ ಬಂದವರು. ಹವ್ಯಾಸಕ್ಕೆ ಕೊಳಲು ನುಡಿಸುತ್ತಿದ್ದರು. ತಮ್ಮ ಹೆಸರಿನ ಆಂಪ್ಲಿಫೈಯರ್‌ನಿಂದ ಖ್ಯಾತರಾಗಿದ್ದ ಡಿ.ಟಿ.ಎನ್. ವಿಲಿಯಮ್ಸನ್ ಈ ಕೆಲಸದಲ್ಲಿ ಅವರ ಜೊತೆಗಿದ್ದರು. 1955ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ವಾಕರ್ ಬರೆದ ಲೇಖನಮಾಲೆಯಲ್ಲಿ ಸ್ಪೀಕರಿನ ತತ್ವವನ್ನು ಬಿಡಿಸಿ ಹೇಳಿದ್ದಾರೆ. ತಮ್ಮ ಸರಕಿನ ಒಳಗುಟ್ಟನ್ನು ಹೀಗೆ ಎಲ್ಲರ ಮುಂದೆ ತೆರೆದಿಟ್ಟಿದ್ದು ಅವರ ದೊಡ್ಡತನ. ರಿಪೇರಿ ಮಾಡಲು ಹೊರಟವರಿಗೆ ಆ ಬರಹ ಇಂದಿಗೂ ಒಳ್ಳೆಯ ಬುನಾದಿ.

ಕಡಿಮೆ ಹಣದಲ್ಲಿ ಈ ಸ್ಪೀಕರನ್ನು ದುರಸ್ತಿ ಮಾಡಲು ಸಾಧ್ಯವಾಗುವುದಕ್ಕೆ ಒಂದು ಸರಳ ಕಾರಣವಿದೆ. ಇದರಲ್ಲಿ ಕೆಡುವ ಭಾಗಗಳು ಅಗ್ಗದವು, ದುಬಾರಿ ಭಾಗಗಳು ಸುಲಭಕ್ಕೆ ಕೆಡುವುದಿಲ್ಲ. ಪೊರೆ, ಅದರ ಲೇಪ, ಧೂಳು ತಡೆಯುವ ಹೊರಪೊರೆ, ಅಧಿಕ ವೋಲ್ಟೇಜಿನ ಮಂಡಲದ ಡಯೋಡು, ಕೆಪಾಸಿಟರು ಇವು ಹಾಳಾಗುತ್ತವೆ. ಆಡಿಯೋ ಟ್ರಾನ್ಸ್‌ಫಾರ್ಮರ್, ಚೌಕಟ್ಟು, ಜಾಲರಿ ದಶಕಗಟ್ಟಲೆ ಬಾಳುತ್ತವೆ. ಕಿಡಿ ಹಾರಿ ಸುಟ್ಟಿರದಿದ್ದರೆ ಸ್ಟೇಟರ್‌ಗಳೂ ಉಳಿದಿರುತ್ತವೆ. ಆದ್ದರಿಂದ ಹಳೆಯ ಜೋಡಿ ಕೊಳ್ಳುವಾಗ ದನಿ ಹೇಗಿದೆ ಎಂಬುದಕ್ಕಿಂತ ಟ್ರಾನ್ಸ್‌ಫಾರ್ಮರ್ ಮತ್ತು ಸ್ಟೇಟರ್ ಹೇಗಿವೆ ಎಂದು ನೋಡುವುದೇ ಜಾಣತನ.

ರೋಗ ಗುರುತಿಸಲು ಕಿವಿ, ಕಣ್ಣು ಸಾಕು. ಒಂದು ಸ್ಪೀಕರಿನ ದನಿ ಇನ್ನೊಂದಕ್ಕಿಂತ ಕ್ಷೀಣವಾಗಿದ್ದರೆ ಪೊರೆಗೆ ಆವೇಶ ಸಾಕಷ್ಟು ತಲುಪುತ್ತಿಲ್ಲ ಎಂದರ್ಥ. ಚಟಪಟ ಸದ್ದಿದ್ದರೆ ಕೋಣೆ ಕತ್ತಲು ಮಾಡಿ ಜಾಲರಿಯೊಳಗೆ ದಿಟ್ಟಿಸಬೇಕು, ನೀಲಿ ಕಿಡಿ ಎಲ್ಲಿ ಹಾರುತ್ತಿದೆ ಎಂದು ಕಾಣುತ್ತದೆ. ಇನ್ನೊಂದು ಪರೀಕ್ಷೆ ಇನ್ನೂ ಸೊಗಸಾದದ್ದು. ಹಾಡು ನಡೆಯುತ್ತಿರುವಾಗಲೇ ಸ್ಪೀಕರಿನ ಮೇನ್ಸ್ ಪ್ಲಗ್ ಕೀಳಬೇಕು. ಪ್ಯಾನೆಲ್ ಆರೋಗ್ಯವಾಗಿದ್ದರೆ ಪೊರೆಯಲ್ಲಿ ನಿಂತ ಆವೇಶದ ಬಲದಿಂದಲೇ ಹಾಡು ಬಹಳ ಹೊತ್ತು ಮುಂದುವರಿದು ಮೆಲ್ಲಗೆ ಕುಗ್ಗುತ್ತದೆ. ಕೆಲವೇ ಕ್ಷಣದಲ್ಲಿ ಅಡಗಿದರೆ ಎಲ್ಲೋ ಸೋರಿಕೆಯಿದೆ. ಹಲವು ಸಲ ಅದಕ್ಕೆ ಕಾರಣ ಹರಿದ ಹೊರಪೊರೆಯಿಂದ ಒಳಗೆ ಸೇರಿದ ಧೂಳು ಮತ್ತು ತೇವ. ಮಳೆಗಾಲದ ಕರಾವಳಿಯಂಥ ಹವೆಯಲ್ಲಿ ಈ ತೊಂದರೆ ಸಹಜವಾಗಿಯೇ ಹೆಚ್ಚು.

ಬಿಚ್ಚುವ ಮುನ್ನ ಎಚ್ಚರಿಕೆ ಬೇಕು. ಅಧಿಕ ವೋಲ್ಟೇಜಿನ ಮಂಡಲ ಹೊರಗೆ ಕೊಡುವ ಕರೆಂಟು ಕಡಿಮೆಯಾದರೂ ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಆವೇಶ ಹಿಡಿದಿಟ್ಟುಕೊಂಡಿರುತ್ತವೆ. ಆಡಿಯೋ ಟ್ರಾನ್ಸ್‌ಫಾರ್ಮರಿನ ಏರಿದ ಒತ್ತಡವಂತೂ ನೇರವಾಗಿ ಪ್ರಾಣಕ್ಕೇ ಅಪಾಯ. ಆಂಪ್ಲಿಫೈಯರಿನ ತಂತಿ ಕಳಚಿ, ಪ್ಲಗ್ ಕಿತ್ತು, ಸಾಕಷ್ಟು ಹೊತ್ತು ಕಾದು, ದೊಡ್ಡ ಮೌಲ್ಯದ ರೆಸಿಸ್ಟರ್ ಮೂಲಕ ಆವೇಶ ಇಳಿಸಿದ ಮೇಲಷ್ಟೇ ಕೈ ಹಾಕಬೇಕು. ಲೋಹದ ಜಾಲರಿ ಅರ್ತ್ ಆಗಿದೆಯೇ ಎಂದು ನೋಡಿ ಹಳೆಯ ಮೇನ್ಸ್ ತಂತಿಯನ್ನು ಮೂರು ಎಳೆಯ ತಂತಿಗೆ ಬದಲಿಸುವುದು ಮೊದಲ ದಿನವೇ ಮಾಡಬೇಕಾದ ಕೆಲಸ. ವಿದ್ಯುತ್ ಕೆಲಸ ಗೊತ್ತಿಲ್ಲದವರು ಗೊತ್ತಿರುವವರನ್ನು ಜೊತೆಗಿಟ್ಟುಕೊಳ್ಳದೆ ಇದಕ್ಕೆ ಇಳಿಯಬಾರದು.

ಅಧಿಕ ವೋಲ್ಟೇಜಿನ ಮಂಡಲ ನೋಡಲು ಭಯ ಹುಟ್ಟಿಸಿದರೂ ರಿಪೇರಿಗೆ ಸುಲಭ. ಸಣ್ಣ ಟ್ರಾನ್ಸ್‌ಫಾರ್ಮರಿನ ಕೆಲವು ನೂರು ವೋಲ್ಟ್ ಎ.ಸಿ.ಯನ್ನು ಡಯೋಡು ಮತ್ತು ಕೆಪಾಸಿಟರುಗಳ ಏಣಿ ಮೆಟ್ಟಿಲು ಮೆಟ್ಟಿಲಾಗಿ 6,000 ವೋಲ್ಟಿಗೆ ಏರಿಸುತ್ತದೆ. ಮೂಲ ಘಟಕವನ್ನು ಮೇಣದಂಥ ವಸ್ತುವಿನಲ್ಲಿ ಮುಳುಗಿಸಿ ಮುಚ್ಚಿರುವುದರಿಂದ ಅದನ್ನು ಕೆದಕುವ ಬದಲು ಏಣಿಯನ್ನೇ ಹೊಸದಾಗಿ ಕಟ್ಟುವುದು ರೂಢಿ. ಪ್ರತಿ ಡಯೋಡೂ ಟ್ರಾನ್ಸ್‌ಫಾರ್ಮರಿನ ಶಿಖರ ವೋಲ್ಟೇಜಿನ ಎರಡರಷ್ಟನ್ನು ತಾಳಬೇಕು. ಒಂದು ಸಾವಿರ ವೋಲ್ಟ್ ತಾಳುವ 1ಎನ್4007 ಡಯೋಡುಗಳನ್ನು ಸಾಲಾಗಿ ಜೋಡಿಸಿದರೆ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವು ಚಿಲ್ಲರೆ ಕಾಸಿನ ಸಾಮಾನು. ಅಳತೆಯಲ್ಲಿ ಮಾತ್ರ ಮೋಸ ಹೋಗಬಾರದು. ಸಾಧಾರಣ ಮಲ್ಟಿಮೀಟರ್ 6,000 ವೋಲ್ಟ್ ತಾಳುವುದಿಲ್ಲ. ಜೊತೆಗೆ ಅದರ 10 ಮೆಗಾ ಓಮ್ ಒಳರೋಧವೇ ಈ ಬಡ ಸರಬರಾಜನ್ನು ಕುಗ್ಗಿಸಿ ಸುಳ್ಳು ಅಂಕಿ ತೋರಿಸುತ್ತದೆ. ಸಾವಿರ ಮೆಗಾ ಓಮ್ ರೋಧದ ಅಧಿಕ ವೋಲ್ಟೇಜ್ ಪ್ರೋಬ್ ಬೇಕು.

ಇನ್ನು ಪೊರೆ. ಕೈಚಳಕವೆಲ್ಲ ಬೇಕಾಗುವುದು ಇಲ್ಲಿ. ಹಂಟಿಂಗ್‌ಡನ್‌ನ ಕಾರ್ಖಾನೆ ಪ್ಯಾನೆಲ್‌ಗಳನ್ನು ರಿವೆಟ್ ಹೊಡೆದು ಮುಚ್ಚಿತ್ತು. ಒಂದೊಂದೇ ರಿವೆಟನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಮತ್ತೆ ಮುಚ್ಚುವಾಗ ನೈಲಾನ್ ಬೋಲ್ಟ್ ಹಾಕುತ್ತಾರೆ. ಸ್ಟೇಟರಿನ ಹೊರಮೈಗೆ ವಿದ್ಯುತ್ ಹರಿಸುವ ಬಣ್ಣ ಬಳಿದಿರುತ್ತದೆ. ಧೂಳು ತೆಗೆಯುವಾಗ ಅದು ಕಿತ್ತುಹೋಗದಂತೆ ಮೆತ್ತನೆಯ ಕುಂಚವನ್ನೇ ಬಳಸಬೇಕು. ಹಳೆಯ ಪೊರೆಯನ್ನು ಬಿಡಿಸಿ ಅಂಟನ್ನೆಲ್ಲ ಕೆರೆದ ಮೇಲೆ 6ರಿಂದ 12 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ ಬೇಕಾಗುತ್ತದೆ. ಮೋಟಾರ್ ವೈಂಡಿಂಗ್ ಅಂಗಡಿಯ ಮೈಲಾರ್ ಹಾಳೆ ಇದಕ್ಕೆ ತೀರಾ ದಪ್ಪ, ಅದರಿಂದ ಆಗದು.

ಹಾಳೆಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಬಿಗಿಯುವುದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು. ಪ್ಲೈವುಡ್ ಹಲಗೆಯ ಅಂಚಿನ ಸುತ್ತ ಗಾಳಿ ತೆಗೆದ ಸೈಕಲ್ ಟ್ಯೂಬ್ ಸುತ್ತುತ್ತಾರೆ. ಹಾಳೆಯನ್ನು ಹಲಗೆಯ ಮೇಲೆ ಹಾಸಿ, ಟ್ಯೂಬನ್ನು ದಾಟಿಸಿ, ಅಡಿಮೈಗೆ ಟೇಪಿನಿಂದ ಅಂಟಿಸುತ್ತಾರೆ. ಆಮೇಲೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಾ ಹೋದಂತೆ ಟ್ಯೂಬ್ ಉಬ್ಬಿ ಹಾಳೆಯನ್ನು ನಾಲ್ಕೂ ಕಡೆಗೆ ಒಂದೇ ಹದದಲ್ಲಿ ಎಳೆಯುತ್ತದೆ. ಸುಕ್ಕು ಒಂದೊಂದಾಗಿ ಮಾಯವಾಗಿ ಹಾಳೆ ಗಾಜಿನಂತಾಗುತ್ತದೆ. ಮೊದಲೇ ಪೆನ್ನಿನಿಂದ ಎರಡು ಗುರುತು ಹಾಕಿಕೊಂಡಿದ್ದರೆ ಹಾಳೆ ಎಷ್ಟು ಹಿಗ್ಗಿತು ಎಂದು ಅಳೆಯಬಹುದು. ಸಾಮಾನ್ಯವಾಗಿ ಶೇ. 1ರ ಆಸುಪಾಸಿನ ಹಿಗ್ಗು ಸಾಕು. ಹದ ತಪ್ಪಿದರೆ ಎರಡೂ ಕಡೆ ನಷ್ಟ. ಸಡಿಲವಾದರೆ ಪೊರೆ ಸ್ಟೇಟರಿಗೆ ಹೋಗಿ ಕಚ್ಚಿಕೊಳ್ಳುತ್ತದೆ, ಬಿಗಿ ಹೆಚ್ಚಾದರೆ ಅನುರಣನ ಮೇಲಕ್ಕೇರಿ ಬಾಸ್ ಸೊರಗುತ್ತದೆ. ಅಂಟು ಹಚ್ಚಿದ ಸ್ಟೇಟರನ್ನು ಹಾಳೆಯ ಮೇಲೆ ಕೂರಿಸಿ, ಭಾರ ಹೇರಿ, ಪೂರ್ತಿ ಒಣಗಿದ ಮೇಲೆ ಸುತ್ತಲೂ ಬ್ಲೇಡಿನಿಂದ ಕತ್ತರಿಸುತ್ತಾರೆ.

ಪೊರೆಗೆ ಬಳಿಯುವ ಲೇಪದ ವಿಷಯ ಇನ್ನೂ ಸೂಕ್ಷ್ಮ. ಪ್ಲಾಸ್ಟಿಕ್ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಆವೇಶ ಹರಡಲು ಲೇಪ ಬೇಕು. ಆದರೆ ಲೇಪ ಚೆನ್ನಾಗಿ ಹರಿಸುವಂಥದ್ದಾದರೆ ಕೆಲಸ ಕೆಡುತ್ತದೆ. ಪೊರೆ ಸ್ಟೇಟರಿನ ಹತ್ತಿರ ಸರಿದ ಕಡೆಗೆ ಆವೇಶವೆಲ್ಲ ಓಡಿ ಬಂದು ಸೇರುತ್ತದೆ, ದನಿ ವಿರೂಪವಾಗುತ್ತದೆ, ಕಿಡಿ ಹಾರಿದರೆ ಇಡೀ ಪೊರೆಯ ಶಕ್ತಿ ಒಂದೇ ಬಿಂದುವಿನಲ್ಲಿ ಸುರಿದು ತೂತು ಬೀಳುತ್ತದೆ. ರೋಧ ತೀರಾ ಹೆಚ್ಚಾದರೆ ತುಂಬುವ ಆವೇಶಕ್ಕಿಂತ ಸೋರುವುದೇ ಹೆಚ್ಚಾಗಿ ದನಿ ಬಡವಾಗುತ್ತದೆ. ಆದ್ದರಿಂದ ಚದರವೊಂದಕ್ಕೆ ಹತ್ತು ಕೋಟಿ ಓಮ್‌ನಿಂದ ಸಾವಿರ ಕೋಟಿ ಓಮ್‌ವರೆಗಿನ ರೋಧವನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಕ್ವಾಡ್ ಬಳಸಿದ್ದು ಕರಗುವ ಜಾತಿಯ ನೈಲಾನನ್ನು. ಹವ್ಯಾಸಿಗಳ ಅಗ್ಗದ ದಾರಿ ಗ್ರಾಫೈಟ್ ಪುಡಿ. ಪುಡಿಯನ್ನು ಹತ್ತಿಯಿಂದ ಪೊರೆಯ ಒಂದು ಮೈಗೆ ತಿಕ್ಕಿ, ಮತ್ತೆ ಮತ್ತೆ ಒರೆಸಿ, ಕಣ್ಣಿಗೆ ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಉಳಿಸುತ್ತಾರೆ. ಮುಖ್ಯವಾದದ್ದು ಬಳಿಯುವುದಕ್ಕಿಂತ ಒರೆಸುವುದು.

ರೋಧವನ್ನು ಅಳೆಯುವುದಕ್ಕೂ ದುಬಾರಿ ಉಪಕರಣ ಬೇಡ. ಎಲೆಕ್ಟ್ರಿಷಿಯನ್‌ಗಳು ವೈರಿಂಗ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್ ಸಾಕು. ಒಂದೇ ಉದ್ದದ ಎರಡು ಲೋಹದ ಪಟ್ಟಿಗಳನ್ನು ಅವುಗಳ ಉದ್ದದಷ್ಟೇ ಅಂತರದಲ್ಲಿ ಪೊರೆಯ ಮೇಲಿಟ್ಟು ಮೆಗ್ಗರಿನ ತಂತಿ ಸೇರಿಸಿದರೆ, ಬರುವ ಅಂಕಿಯೇ ಚದರದ ರೋಧ. ಪೊರೆಯ ಮೂಲೆ, ನಡು, ಅಂಚು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಲೇಪ ಸರಿಯಾಗಿ ಹಿಡಿದಿದೆ ಎಂದು ನಂಬಬಹುದು. ಲೇಪಕ್ಕೂ ಅಧಿಕ ವೋಲ್ಟೇಜಿನ ತಂತಿಗೂ ಸಂಪರ್ಕ ಕೊಡುವ ಲೋಹದ ಪಟ್ಟಿ ಸುತ್ತಲೂ ಚೆನ್ನಾಗಿ ಕೂತಿರಬೇಕು, ಹೊಸ ಪ್ಯಾನೆಲ್ ಮೂಕವಾಗುವುದು ಎಷ್ಟೋ ಸಲ ಇಲ್ಲಿಯೇ.

ಕೊನೆಗೆ ಪ್ಯಾನೆಲಿನ ಎರಡೂ ಕಡೆ ಮರದ ಚೌಕಟ್ಟಿಗೆ ತೆಳುವಾದ ಹೊರಪೊರೆ ಅಂಟಿಸಿ, ಹೀಟ್ ಗನ್ನಿನ ಬಿಸಿಗಾಳಿಯಲ್ಲಿ ಬಿಗಿಗೊಳಿಸಬೇಕು. ಅದು ಸಡಿಲಾದರೆ ತಾನೂ ಝೇಂಕರಿಸುತ್ತದೆ. ಆಂಪ್ಲಿಫೈಯರಿನ ಆಯ್ಕೆಯೂ ದುರಸ್ತಿಯ ಭಾಗವೇ. ಈ ಸ್ಪೀಕರಿಗೆ 33 ವೋಲ್ಟ್ ಶಿಖರ ಮೀರಿದರೆ ಟ್ರೆಬಲ್ ಪ್ಯಾನೆಲಿನಲ್ಲಿ ಕಿಡಿ ಹಾರಬಹುದು. ಇದನ್ನು ರೂಪಿಸಿದ್ದೇ 15 ವಾಟ್‌ನ ಕ್ವಾಡ್ 2 ಆಂಪ್ಲಿಫೈಯರಿಗೆಂದು. ದೊಡ್ಡ ಆಂಪ್ಲಿಫೈಯರಿನ ಆಸೆಗೆ ಬಿದ್ದು ಪ್ಯಾನೆಲ್ ಸುಟ್ಟುಕೊಂಡರೆ ಇಷ್ಟೆಲ್ಲ ಕೆಲಸ ಮೊದಲಿಂದ ಶುರು. ಸ್ಪೀಕರ್ ಹಿಂದಕ್ಕೂ ಅಷ್ಟೇ ದನಿ ಬಿಡುವುದರಿಂದ ಗೋಡೆಯಿಂದ ಒಂದು ಮೀಟರಾದರೂ ದೂರವಿರಬೇಕು. ಹೊಸ ಪೊರೆಗೆ ಪೂರ್ತಿ ಆವೇಶ ತುಂಬಲು ಒಂದು ರಾತ್ರಿ ಬಿಡಬೇಕು. ಮೊದಲ ಗಂಟೆಯ ದನಿ ಕೇಳಿ ತೀರ್ಮಾನಕ್ಕೆ ಬರಬಾರದು.

1981ರಲ್ಲಿ ಬಂದ ಕ್ವಾಡ್‌ನ ಮುಂದಿನ ಮಾದರಿ ಇಎಸ್‌ಎಲ್-63ರಲ್ಲಿ ಉಂಗುರಾಕಾರದ ವಿದ್ಯುದ್ವಾರಗಳು, ವಿಳಂಬ ಮಂಡಲಗಳು, ಕಿಡಿ ಹಾರಿದೊಡನೆ ಸಂಕೇತ ತಡೆಯುವ ರಕ್ಷಣೆ ಎಲ್ಲ ಇವೆ. ಅದರ ದುರಸ್ತಿಗೆ ಮುಖ್ಯ ಕಾಟ ಅಂಟಿನದು. ವರ್ಷಗಳು ಕಳೆದಂತೆ ಸ್ಟೇಟರ್ ಹಲಗೆಗಳು ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಟ್ಟುಕೊಳ್ಳುತ್ತವೆ. ತತ್ವ ಅದೇ, ಶ್ರಮ ಹೆಚ್ಚು.

ಮೊದಲ ಮಾದರಿಯ ಮೂಲ ಅಚ್ಚು, ಸಲಕರಣೆಗಳನ್ನು ಜರ್ಮನಿಯ ಗೇರಿಂಗ್‌ನ ಕ್ವಾಡ್ ಮುಸಿಕ್‌ವೀಡರ್‌ಗಾಬೆ ಸಂಸ್ಥೆ ಕೊಂಡು ಹೊಸ ಪ್ಯಾನೆಲ್ ಮಾಡುತ್ತಿದೆ. ಒಳ್ಳೆಯ ಕೆಲಸ, ಆದರೆ ಕೈಯಲ್ಲಿ ಕಾಸು ಕಡಿಮೆ ಇರುವವರಿಗೆ ಆ ಬೆಲೆ ನಿಲುಕದು. ಅವರಿಗೆ ಉಳಿಯುವ ಅತಿ ಅಗ್ಗದ ದಾರಿ ಎರಡು ಕೆಟ್ಟ ಜೋಡಿಗಳಿಂದ ಒಂದು ಒಳ್ಳೆಯ ಜೋಡಿ ಮಾಡುವುದು. ಸುಟ್ಟ ಸ್ಟೇಟರಿಗೆ, ಒಡೆದ ಟ್ರಾನ್ಸ್‌ಫಾರ್ಮರಿಗೆ ಬದಲಿ ಬೇಕೆಂದರೆ ಇನ್ನೊಂದು ಸ್ಪೀಕರನ್ನೇ ಬಿಚ್ಚಬೇಕು. ಹೀಗೆ ಹಾಡುವ ಜೋಡಿಗಳು ಉಳಿಯುತ್ತಿದ್ದರೂ ಒಟ್ಟು ಸಂಖ್ಯೆ ಇಳಿಯುತ್ತಲೇ ಇದೆ. ಮನೆಯಲ್ಲಿ ಮೂಕವಾಗಿ ಕೂತ ಕ್ವಾಡ್ ಇರುವವರು ಅದನ್ನು ಗುಜರಿಗೆ ಹಾಕದೆ, ಒಣಗಿದ ಜಾಗದಲ್ಲಿ, ಹೊರಪೊರೆ ಹರಿಯದಂತೆ ನೆಟ್ಟಗೆ ನಿಲ್ಲಿಸಿಟ್ಟರೂ ಉಪಕಾರವೇ. ಅದರೊಳಗಿನ ಆಡಿಯೋ ಟ್ರಾನ್ಸ್‌ಫಾರ್ಮರಿಗಾಗಿ ಯಾರೋ ಹುಡುಕುತ್ತಿರುತ್ತಾರೆ.