ಅಕ್ಕಿಯ ಜೊತೆಗೆ ಅರ್ಧ ಗಂಟೆ

ಮುಂಬಯಿಯ ಉಪನಗರಗಳಲ್ಲಿ ಮನೆಮಾಡಿಕೊಂಡಿರುವ ನಮ್ಮ ವಾಚಕರಿಗೆ ಇಗರ್ಜಿಯೆಂಬುದು ಅಪರಿಚಿತ ಕಟ್ಟಡವೇನಲ್ಲ. ಬಸ್ಸಿಗೆ ಕಾದು ನಿಂತಾಗ ಅದರ ಗಂಟೆ ಕೇಳಿರುತ್ತೇವೆ. ಮಕ್ಕಳು ಅದರ ಪಕ್ಕದ ಶಾಲೆಯಲ್ಲಿ ಕಲಿತಿರುತ್ತಾರೆ. ಬುಧವಾರ ಮಾಹಿಮಿನ ದಾರಿ ಹಿಡಿದವರು ಅಲ್ಲಿಯ ಸೇಂಟ್ ಮೈಕೇಲ್ ಇಗರ್ಜಿಯ ಮುಂದಿನ ಜನಸಂದಣಿಯಲ್ಲಿ ಸಿಕ್ಕಿಕೊಂಡು ಕಚೇರಿಗೆ ತಡಮಾಡಿಕೊಂಡದ್ದೂ ಉಂಟು. ಮಂಗಳೂರು ಕಡೆಯ ಕ್ರೈಸ್ತ ಸ್ನೇಹಿತರ ಮದುವೆಗಳಿಗೆ ಒಳಗೂ ಹೋಗಿ ಬಂದಿದ್ದೇವೆ. ಆದರೆ ಬಹುತೇಕ ಪ್ರತಿಯೊಂದು ಇಗರ್ಜಿಯ ಹಿಂಬದಿಯಲ್ಲೂ ಒಂದು ಸಣ್ಣ ಕೋಣೆ ಇರುತ್ತದೆ. ಅದನ್ನು ನೋಡಿದವರು ನಮ್ಮಲ್ಲಿ ಕಡಿಮೆ.

ಆ ಕೋಣೆಯಲ್ಲಿ ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ಅಕ್ಕಿಯ ಮೂಟೆಗಳು, ತೊಗರಿಬೇಳೆಯ ಡಬ್ಬ, ಒಂದು ತಕ್ಕಡಿ, ಒಗೆದು ಮಡಿಸಿಟ್ಟ ಹಳೆಯ ಬಟ್ಟೆ, ಮೂಲೆಯಲ್ಲಿ ಯಾರದೋ ಮನೆಯಿಂದ ಬಂದ ಗಾಲಿಕುರ್ಚಿ, ಮೇಜಿನ ಮೇಲೆ ರಟ್ಟಿನ ಹೊದಿಕೆಯ ಒಂದು ಲೆಕ್ಕದ ಪುಸ್ತಕ. ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಅಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ: ಬ್ಯಾಂಕಿನ ಗುಮಾಸ್ತರು, ನಿವೃತ್ತ ರೈಲ್ವೆ ನೌಕರರು, ಒಬ್ಬ ನರ್ಸಮ್ಮ, ಕಾಲೇಜಿನ ಹುಡುಗ ಹುಡುಗಿಯರು. ಪಾದ್ರಿಗಳು ಬಂದರೆ ಬಂದಾರು, ಇಲ್ಲದಿದ್ದರೆ ಇಲ್ಲ. ಕೆಲಸವೆಲ್ಲ ಈ ಗೃಹಸ್ಥರದು, ಸಂಬಳ ಒಬ್ಬರಿಗೂ ಇಲ್ಲ. ಅನೇಕ ಇಗರ್ಜಿಗಳಲ್ಲಿ ಈ ಕೆಲಸ ನಡೆಯುವುದು ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಎಂಬ ಸಂಸ್ಥೆಯ ಹೆಸರಿನಲ್ಲಿ.

ನಾವು ಮೂರು ನಾಲ್ಕು ಕನ್ನಡ ಮನೆಯವರು ಎರಡು ಮಳೆಗಾಲಗಳಿಂದ ಈ ಗುಂಪಿನ ಜೊತೆಗೆ ಹೋಗಿಬರುತ್ತಿದ್ದೇವೆ. ನಮ್ಮಲ್ಲಿ ಕ್ರೈಸ್ತರು ಒಂದೇ ಮನೆ. ಉಳಿದವರನ್ನು ಅಲ್ಲಿಗೆ ಒಯ್ದದ್ದು ಭಕ್ತಿಯಲ್ಲ, ಭಾಷೆ. ಆ ಸಂಗತಿಗೆ ಮುಂದೆ ಬರುತ್ತೇವೆ. ಅದಕ್ಕೆ ಮೊದಲು ಈ ಕೋಣೆಯ ಹಿಂದಿನ ಕತೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲಿಯ ಪದ್ಧತಿಗಳೆಲ್ಲ ಆ ಕತೆಯಿಂದಲೇ ಹುಟ್ಟಿದವು.

೧೬೧೭ರಲ್ಲಿ ಫ್ರಾನ್ಸ್ ದೇಶದ ಶಾತಿಯೋಂ ಎಂಬ ಸಣ್ಣ ಊರಿಗೆ ವಿನ್ಸೆಂಟ್ ಡಿ ಪಾಲ್ ಎಂಬ ಪಾದ್ರಿ ಬಂದರು. ಒಂದು ಭಾನುವಾರ ಅವರು ಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡಲೂ ಜನವಿಲ್ಲ ಎಂಬ ಸುದ್ದಿ ಬಂತು. ಅವರು ಪ್ರವಚನದಲ್ಲಿ ಆ ಮಾತನ್ನೆತ್ತಿದರು. ಮಧ್ಯಾಹ್ನ ತಾವೂ ಆ ಮನೆಯ ಕಡೆ ನಡೆದರೆ ದಾರಿಯುದ್ದಕ್ಕೂ ಜಾತ್ರೆಯಂತೆ ಜನ! ರೊಟ್ಟಿ, ಮಾಂಸ, ಎಲ್ಲವೂ ಒಂದೇ ದಿನ ಆ ಮನೆಗೆ ಬಂದು ಬಿದ್ದಿತ್ತು. ಬೇರೆಯವರಾಗಿದ್ದರೆ ಊರಿನ ಔದಾರ್ಯವನ್ನು ಹೊಗಳಿ ಸುಮ್ಮನಾಗುತ್ತಿದ್ದರು. ವಿನ್ಸೆಂಟರಿಗೆ ಹೊಳೆದದ್ದು ಬೇರೆ: ಇದರಲ್ಲಿ ಅರ್ಧ ಕೆಟ್ಟುಹೋಗುತ್ತದೆ, ನಾಳೆ ಮತ್ತೆ ಉಪವಾಸ. ಆದ್ದರಿಂದ ಊರಿನ ಕೆಲವು ಹೆಂಗಸರನ್ನು ಕೂಡಿಸಿ ಸರದಿಯನ್ನು ಗೊತ್ತುಮಾಡಿದರು. ಇಂದು ಒಬ್ಬಳು ಅಡಿಗೆ ಮಾಡಿ ಒಯ್ಯಬೇಕು, ನಾಳೆ ಇನ್ನೊಬ್ಬಳು.

ಈ ಸರದಿಯ ಮಾತು ನಮ್ಮವರಿಗೆ ಹೊಸದೆನಿಸದು. ಮೈಸೂರು, ಧಾರವಾಡಗಳಲ್ಲಿ ಬಡ ವಿದ್ಯಾರ್ಥಿಗಳು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದರು. ಆ ಅನ್ನದಿಂದ ದೊಡ್ಡವರಾದವರ ಮೊಮ್ಮಕ್ಕಳು ಈ ಪತ್ರಿಕೆಯನ್ನು ಓದುತ್ತಿರಲೂ ಸಾಕು. ಒಂದೇ ವ್ಯತ್ಯಾಸ: ವಾರಾನ್ನದಲ್ಲಿ ಉಣ್ಣುವವನು ಮನೆಗೆ ಬರುತ್ತಿದ್ದ, ಶಾತಿಯೋಂನಲ್ಲಿ ಅನ್ನವೇ ಮನೆಗೆ ಹೋಯಿತು.

ಆ ಹೆಂಗಸರಿಗಾಗಿ ವಿನ್ಸೆಂಟರು ಬರೆದುಕೊಟ್ಟ ನಿಯಮಾವಳಿ ಉಳಿದುಬಂದಿದೆ. ರೋಗಿಯ ಮುಂದೆ ತಟ್ಟೆ ಹೇಗಿಡಬೇಕು, ಕೈ ಹೇಗೆ ತೊಳೆಸಬೇಕು, ನಗುಮುಖದಿಂದ ಹೇಗೆ ಮಾತಾಡಿಸಬೇಕು ಎಂಬುದೆಲ್ಲ ಅದರಲ್ಲಿದೆ. ಅದರಲ್ಲಿ ಒಂದು ಸೂಚನೆ ನಮಗೆ ಬಹಳ ಹಿಡಿಸಿತು. ಜೊತೆಗೆ ಜನರಿರುವ ರೋಗಿಗೆ ಮೊದಲು ಬಡಿಸಿ, ಒಂಟಿಯಾಗಿರುವವರನ್ನು ಕೊನೆಗಿಟ್ಟುಕೊಳ್ಳಬೇಕಂತೆ. ಕೊನೆಯವರಾದರೆ ಅವರ ಬಳಿ ಹೆಚ್ಚು ಹೊತ್ತು ಕೂರಬಹುದಲ್ಲ! ನಾಲ್ಕು ಮನೆಗೆ ಬಡಿಸಿ ಗೊತ್ತಿದ್ದವರೇ ಬರೆಯಬಹುದಾದ ಮಾತಿದು.

ಪ್ಯಾರಿಸ್ ನಗರದಲ್ಲಿ ಇದೇ ಕೆಲಸ ಮೊದಲಾದಾಗ ಬೇರೆಯದೇ ತೊಡಕು ಬಂತು. ಅಲ್ಲಿಯ ಶ್ರೀಮಂತ ಮಹಿಳೆಯರು ಹಣ ಕೊಟ್ಟರು. ಗಲ್ಲಿಗಿಳಿಯುವ ಹೊತ್ತಿಗೆ ತಮ್ಮ ಬದಲು ಆಳುಗಳನ್ನು ಕಳಿಸತೊಡಗಿದರು. ಕೊನೆಗೆ ಹಳ್ಳಿಯ ಹೆಣ್ಣುಮಕ್ಕಳೇ ಆ ಕೆಲಸಕ್ಕೆ ಮುಂದಾದರು. ಅವರನ್ನು ಕೂಡಿಸಿ ವಿನ್ಸೆಂಟರೂ ಲೂಯಿಸ್ ದ ಮಾರಿಯಾಕ್ ಎಂಬ ಮಹಿಳೆಯೂ ೧೬೩೩ರಲ್ಲಿ ಸೇವಾಭಗಿನಿಯರ ಸಂಘ ಕಟ್ಟಿದರು. ಆಳನ್ನು ಕಳಿಸುವ ಪದ್ಧತಿ ಮಾತ್ರ ಫ್ರಾನ್ಸಿನಲ್ಲೂ ಮುಗಿಯಲಿಲ್ಲ, ನಮ್ಮಲ್ಲೂ ಮುಗಿದಿಲ್ಲ. ಈಗ ಆಳಿನ ಬದಲು ಮೊಬೈಲು ಹೋಗುತ್ತದೆ, ಅಷ್ಟೆ.

ಇನ್ನು ಸೊಸೈಟಿಯ ಕತೆ. ಅದು ಹುಟ್ಟಿದ್ದು ಇನ್ನೂರು ವರ್ಷಗಳ ನಂತರ, ವಿದ್ಯಾರ್ಥಿಗಳಿಂದ. ಫ್ರೆಡರಿಕ್ ಓಜನಾಂ ಎಂಬ ತರುಣ ಕಾನೂನು ಓದಲು ಲಿಯೋಂ ಪಟ್ಟಣದಿಂದ ಪ್ಯಾರಿಸ್ಸಿಗೆ ಬಂದಿದ್ದ. ಪರಊರಿನಲ್ಲಿ ಆಸರೆ ಕೊಟ್ಟವರು ವಿಜ್ಞಾನಿ ಆಂಪಿಯರ್. ನಮ್ಮ ಮನೆಯ ವಿದ್ಯುತ್ ಫ್ಯೂಸುಗಳ ಮೇಲೆ ಇಂದಿಗೂ ಅವರ ಹೆಸರೇ ಇದೆ. ೧೮೩೨ರ ಕಾಲರಾ ಪ್ಯಾರಿಸ್ಸಿನಲ್ಲಿ ಸುಮಾರು ೧೮,೦೦೦ ಜನರನ್ನು ಬಲಿ ತೆಗೆದುಕೊಂಡಿತ್ತು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಎದುರು ಪಕ್ಷದವನೊಬ್ಬ, ನಿಮ್ಮ ಧರ್ಮ ಹಿಂದೆ ಏನು ಮಾಡಿತೆಂಬುದು ಗೊತ್ತು, ಈಗ ನೀವು ಏನು ಮಾಡುತ್ತಿದ್ದೀರಿ ಎಂದು ಕೇಳಿದನೆಂದು ಹೇಳುತ್ತಾರೆ. ೧೮೩೩ರ ಏಪ್ರಿಲ್ ೨೩ರಂದು ಓಜನಾಂ ಮತ್ತು ಕೆಲವು ಮಂದಿ ಗೆಳೆಯರು ಎಮಾನುಯೆಲ್ ಬಯ್ಯಿ ಎಂಬ ಪತ್ರಿಕೋದ್ಯಮಿಯ ಕಚೇರಿಯಲ್ಲಿ ಸೇರಿದರು. ಅಂದು ಓಜನಾಂಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿತ್ತು. ಬಡವರ ಮನೆಗೆ ಹೋಗಬೇಕೆಂಬ ಉತ್ಸಾಹವಿತ್ತು, ಯಾರ ಮನೆಗೆಂದು ತಿಳಿಯದು. ರೊಸಾಲಿ ರಾಂದ್ಯೂ ಎಂಬ ಸೇವಾಭಗಿನಿ ಕೆಲವು ಮನೆಗಳ ಗುರುತು ಹೇಳಿ, ಕೈಗೆ ರೊಟ್ಟಿಯ ಚೀಟಿಗಳನ್ನು ಕೊಟ್ಟು, ಬಡವರೆದುರು ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿ ಕಳಿಸಿದರು. ಓಜನಾಂ ಮುಂದೆ ಸೊರ್ಬೋನ್ ವಿದ್ಯಾಪೀಠದ ಪ್ರಾಧ್ಯಾಪಕರಾದರು. ೧೮೫೩ರಲ್ಲಿ ನಾಲ್ವತ್ತನೆಯ ವಯಸ್ಸಿನಲ್ಲೇ ತೀರಿಕೊಂಡರು. ಅಷ್ಟರಲ್ಲಿ ಸೊಸೈಟಿ ದೇಶದೇಶಗಳಿಗೆ ಹಬ್ಬಿತ್ತು. ಭಾರತದಲ್ಲಿ ಅದು ಕಾಲಿಟ್ಟದ್ದು ೧೮೬೩ರಲ್ಲಿ. ಬಹುಕಾಲ ಇದು ಗಂಡಸರ ಸಂಘ. ಹೆಂಗಸರದು ೧೮೫೬ರಲ್ಲಿ ಇಟಲಿಯ ಬೊಲೊನ್ಯದಲ್ಲಿ ಬೇರೆಯಾಗಿ ಮೊದಲಾಗಿ, ಎರಡೂ ಒಂದಾದದ್ದು ೧೯೬೭ರಲ್ಲಿ. ಈಗ ನಮ್ಮ ಗುಂಪಿನಲ್ಲಿ ಹೆಂಗಸರೇ ಹೆಚ್ಚು, ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ.

ಅವರ ಪದ್ಧತಿ ಹೀಗೆ. ವಾರ ಅಥವಾ ಹದಿನೈದು ದಿನಕ್ಕೊಮ್ಮೆ ಸಭೆ. ಮನೆಗಳಿಗೆ ಹೋಗುವಾಗ ಯಾವಾಗಲೂ ಜೋಡಿ. ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಒಲೆ ಹೊತ್ತಿದೆಯೋ ಇಲ್ಲವೋ, ಮಗು ಕೆಮ್ಮುತ್ತಿದೆಯೋ ನೋಡಬಹುದು. ಯಾರೂ ಏನೂ ಆಡಿಕೊಳ್ಳುವುದಕ್ಕೂ ಎಡೆಯಿಲ್ಲ. ಕೂರಲು ಹೇಳಿದರೆ ಕೂರಬೇಕು. ಆ ಮನೆಯವರ ಎದುರಿಗೆ ಏನನ್ನೂ ಬರೆದುಕೊಳ್ಳಬಾರದು, ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು. ಫೋಟೋ ತೆಗೆಯುವ ಮಾತಂತೂ ಇಲ್ಲವೇ ಇಲ್ಲ. ಸಭೆಯ ಕೊನೆಗೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಕಟ್ಟಿ ಅದರೊಳಗೆ ಕೈ ಹಾಕಿ ತೆಗೆಯುತ್ತಾರೆ. ಐನೂರು ಹಾಕಿದವರಾರು, ಬರಿಗೈ ಹಾಕಿದವರಾರು, ಯಾರಿಗೂ ತಿಳಿಯದು. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದವನೂ ತಲೆಯೆತ್ತಿ ಕೂತಿರಬಹುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಾವೂ ಹೇಳುತ್ತೇವೆ, ಆದರೆ ಅದಕ್ಕೊಂದು ಚೀಲ ಹೊಲಿಸಿದವರು ಇವರು.

ಈಗ ಭಾಷೆಯ ಸಂಗತಿ. ನಮ್ಮ ಭಾಗದ ಪಟ್ಟಿಯಲ್ಲಿ ಒಬ್ಬ ಮುದುಕಿಯ ಮನೆಯಿತ್ತು. ಓಣಿಯ ಗುರುತು ಬೇಡ. ರೈಲು ಹಳಿಯ ಪಕ್ಕದ ತಗಡಿನ ಮನೆ ಎಂದರೆ ಸಾಕು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದವಳು, ಈಗ ಗಂಡನಿಗೆ ಕ್ಷಯ. ಸೇವಕರಿಗೆ ಮರಾಠಿ, ಕೊಂಕಣಿ, ಇಂಗ್ಲಿಷು, ಹಿಂದಿ ಎಲ್ಲ ಬರುತ್ತಿತ್ತು. ಆಕೆಗೆ ಬರುತ್ತಿದ್ದುದು ಕನ್ನಡವೊಂದೇ. ತಿಂಗಳು ತಿಂಗಳೂ ಅಕ್ಕಿ ಹೋಗುತ್ತಿತ್ತು, ಆಕೆ ಕೈಮುಗಿದು ಇಸಿದುಕೊಳ್ಳುತ್ತಿದ್ದಳು, ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಗುಂಪಿನಲ್ಲಿದ್ದ ಮಂಗಳೂರಿನ ಬಾಯಿಯೊಬ್ಬರು ನಮ್ಮನ್ನು ಕರೆದದ್ದು ಆಗ. ನಮ್ಮ ಜೊತೆ ಧಾರವಾಡದ ಹೆಣ್ಣುಮಗಳೊಬ್ಬರು ಬಂದಿದ್ದರು. ಅವರು ಬಾಗಿಲಲ್ಲಿ ಕುಳಿತು, "ಆಯೀ, ಆರಾಮ ಇದ್ದೀರೇನ್ರೀ? ಅಕ್ಕಿ ಬರೊಬ್ಬರಿ ಮುಟ್ಟತಾವಲ್ಲಾ?" ಎಂದು ಕೇಳಿದರು. ಮುದುಕಿ ಅವರ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು ಹೇಳಿದಳು:

"ಮುಟ್ಟತಾವ ಯವ್ವಾ, ಸುಳ್ಳ್ಯಾಕ ಹೇಳಲಿ. ಖರೇ ಹೇಳತೀನಿ, ಸಿಟ್ಟಾಗಬ್ಯಾಡ. ಆ ಅಕ್ಕಿ ದುಕಾನದಾಂವಗ ಕೊಟ್ಟು ಜೋಳದ ಹಿಟ್ಟು ತರತೀನಿ. ನಮ್ಮ ಮುದುಕಗ ರೊಟ್ಟಿ ಇಲ್ಲಂದ್ರ ಗುಳಿಗಿ ನುಂಗಾಕ ಆಗೂದಿಲ್ಲ."

ಐದು ಕಿಲೋ ಅಕ್ಕಿಗೆ ಅಂಗಡಿಯವನು ಎರಡು ಕಿಲೋ ಹಿಟ್ಟು ಕೊಡುತ್ತಿದ್ದ. ಮೂಟೆ ಹೊತ್ತು ತಂದವರ ಪುಣ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಅವನ ಪಾಲಾಗುತ್ತಿತ್ತೆನ್ನಿ! ಮುಂದಿನ ವಾರದಿಂದ ಆ ಮನೆಗೆ ಜೋಳವೇ ಹೋಯಿತು. ಆ ದಿನ ಅರ್ಧ ಗಂಟೆ ಕುಳಿತದ್ದರಿಂದ ಇನ್ನೂ ಎರಡು ಸಂಗತಿ ಹೊರಬಿದ್ದವು. ಕ್ಷಯರೋಗಿಗಳಿಗೆ ಔಷಧಿಯ ಜೊತೆಗೆ ಪೌಷ್ಟಿಕ ಆಹಾರಕ್ಕೆಂದು ಸರಕಾರ ೨೦೧೮ರ ಏಪ್ರಿಲಿನಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿತ್ತು. ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿದೆ. ಹಣ ರೋಗಿಯ ಬ್ಯಾಂಕ್ ಖಾತೆಗೇ ಬರುತ್ತದೆ. ಮುದುಕನ ಖಾತೆ ಊರಿನ ಬ್ಯಾಂಕಿನಲ್ಲಿ, ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿದ್ದೆಹೋಗಿತ್ತು. ಅದನ್ನು ಎಬ್ಬಿಸಲು ನಿವೃತ್ತ ರೈಲ್ವೆ ನೌಕರರು ಮೂರು ಸಲ ಬ್ಯಾಂಕಿಗೆ ಅಲೆದರು.

ಎರಡನೆಯದು ಪಡಿತರ ಚೀಟಿ. ಚೀಟಿ ಊರಲ್ಲಿ ಮಗನ ಹತ್ತಿರ ಇದೆ, ಇಲ್ಲಿ ನಮಗೇನೂ ಸಿಗದು ಎಂದೇ ಆಕೆ ತಿಳಿದಿದ್ದಳು. ಇದು ನಮ್ಮ ವಾಚಕರ ಮನೆಗೆಲಸದವರಿಗೂ ಕಾವಲುಗಾರರಿಗೂ ಬೇಕಾಗುವ ಮಾತಾದ್ದರಿಂದ ಬಿಡಿಸಿ ಹೇಳುತ್ತೇವೆ. ೨೦೨೨ರ ಜೂನಿನ ಹೊತ್ತಿಗೆ 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆ ಎಲ್ಲ ರಾಜ್ಯಗಳಿಗೂ ತಲುಪಿತು. ಆಹಾರ ಭದ್ರತೆ ಕಾಯಿದೆಗೆ ಒಳಪಟ್ಟ ಕರ್ನಾಟಕದ ಚೀಟಿಗೆ ಮುಂಬಯಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ; ಊರಲ್ಲಿರುವವರು ತಮ್ಮ ಪಾಲನ್ನು ಅಲ್ಲಿ, ಇಲ್ಲಿರುವವರು ತಮ್ಮ ಪಾಲನ್ನು ಇಲ್ಲಿ ಪಡೆಯಬಹುದು. ಆಧಾರ್ ಜೋಡಣೆಯಾಗಿರಬೇಕು. ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ ೫ ಕಿಲೋ, ೨೦೨೩ರ ಜನವರಿಯಿಂದ ಪುಕ್ಕಟೆ. ಅಂಗಡಿಯವನೊಬ್ಬ ಮೊದಲ ಸಲ 'ಬೇರೆ ರಾಜ್ಯದ ಚೀಟಿ' ಎಂದು ತಲೆಯಾಡಿಸಿದ. ಕಾಲೇಜಿನ ಹುಡುಗಿ ಜಗಳವಾಡದೆ ಅಲ್ಲೇ ನಿಂತಳು. ಮುದುಕಿ ಹೆಬ್ಬೆಟ್ಟು ಒತ್ತಿದಳು, ಯಂತ್ರ ಒಪ್ಪಿತು, ಅವನೂ ಒಪ್ಪಿದ.

ಇಂದಿನ ಸೇವೆಯಲ್ಲಿ ಮೂಟೆ ಹೊರುವುದಕ್ಕಿಂತ ಕಾಗದಪತ್ರದ ಕೆಲಸವೇ ಹೆಚ್ಚೆಂದು ನಮಗೆ ತೋರುತ್ತದೆ. ಅದು ಬೇಸರದ ಕೆಲಸ, ಚಪ್ಪಾಳೆಯಿಲ್ಲದ ಕೆಲಸ. ಆದರೆ ಓದು ಬರಹ ಬಲ್ಲ ಮಧ್ಯಮ ವರ್ಗದ ಮನೆಯವರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸೇವೆ ಇನ್ನೊಂದಿರಲಾರದು.

ವಾಚಕರಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ನಮ್ಮ ಮನೆಗಳಲ್ಲೂ ಹಿರಿಯರು ಕೇಳಿದರು. ಇದರ ಹಿಂದೆ ಮತಾಂತರದ ಉದ್ದೇಶವಿಲ್ಲವೇ? ಕಷ್ಟದಲ್ಲಿರುವವರ ಜಾತಿ, ಮತ, ಪಕ್ಷಗಳನ್ನು ಎಣಿಸದೆ ಸೇವೆ ಮಾಡಬೇಕೆಂಬುದು ಸೊಸೈಟಿಯ ನಿಯಮದಲ್ಲೇ ಬರೆದಿರುವ ಮಾತು. ನಾವು ಕಂಡದ್ದನ್ನು ಹೇಳುವುದಾದರೆ, ಎರಡು ವರ್ಷಗಳಲ್ಲಿ ಯಾವ ಮನೆಯಲ್ಲೂ ಯಾರೂ ದೇವರ ಮಾತನ್ನು ಎತ್ತಲಿಲ್ಲ. ಅವರ ಪ್ರಾರ್ಥನೆ ಹೊರಡುವ ಮೊದಲು, ಆ ಕೋಣೆಯಲ್ಲಿ. ನಾವು ಆಗ ಸುಮ್ಮನೆ ನಿಂತಿರುತ್ತೇವೆ. ಮುದುಕಿಯ ಗೋಡೆಯ ಮೇಲೆ ಶರಣಬಸಪ್ಪನ ಪಟ ಮೊದಲು ಇದ್ದಲ್ಲೇ ಇದೆ.

ನಮ್ಮ ಕನ್ನಡ ಸಂಘಗಳಲ್ಲಿ ದಾನಕ್ಕೆ ಕೊರತೆಯೆಂದು ಯಾರೂ ಹೇಳಲಾರರು. ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ರಾತ್ರಿ ಶಾಲೆ ನಡೆಸಿದವರು ಇದೇ ಮುಂಬಯಿಯ ಕನ್ನಡಿಗರು. ಹಗಲೆಲ್ಲ ಕಚೇರಿಯಲ್ಲಿ ದುಡಿದು ರಾತ್ರಿ ಪಾಠ ಹೇಳಿದರು. ಈಚೆಗೆ ಮಾತ್ರ ನಮ್ಮ ದಾನ ವೇದಿಕೆ ಹತ್ತಿದೆ. ರಾಜ್ಯೋತ್ಸವದ ದಿನ ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಟುಪುಸ್ತಕ ಹಂಚುತ್ತೇವೆ, ಅಧ್ಯಕ್ಷರು ಕ್ಯಾಮರಾ ಕಡೆ ನೋಡುತ್ತಾರೆ, ಮಗುವೂ ಅತ್ತಲೇ ನೋಡಬೇಕೆಂದು ಯಾರೋ ಗದರುತ್ತಾರೆ. ಆ ಮಗುವಿನ ಮನೆ ಎಲ್ಲಿದೆಯೆಂದು ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಬಡಿಸುವವನೇ ದಾಸನೆಂದು ತಿಳಿದ ದಾಸೋಹದ ನಾಡಿನಿಂದ ಬಂದವರು ನಾವು. ವಿನ್ಸೆಂಟರೂ ಬಡವರನ್ನು ತಮ್ಮ ಒಡೆಯರೆಂದೇ ಕರೆಯುತ್ತಿದ್ದರು.

ಈ ಕೆಲಸಕ್ಕೆ ಬರಬೇಕೆನ್ನುವವರು ತಮ್ಮ ನೆರೆಯ ಇಗರ್ಜಿಯ ಕಚೇರಿಯಲ್ಲಿ ವಿಚಾರಿಸಿದರೆ ಸಾಕು. ಎಲ್ಲೆಡೆಯೂ ಹೊರಗಿನವರನ್ನು ಒಂದೇ ರೀತಿ ಸೇರಿಸಿಕೊಳ್ಳುತ್ತಾರೆಂದಲ್ಲ, ಆದರೆ ಕನ್ನಡ ಬರುತ್ತದೆ, ಕಾಗದಪತ್ರ ತುಂಬಲು ಬರುತ್ತದೆ ಎಂದರೆ ಬೇಡವೆನ್ನುವವರು ಕಡಿಮೆ. ಪುಣೆ, ಹೈದರಾಬಾದುಗಳಲ್ಲೂ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಉತ್ತರ ಕರ್ನಾಟಕದ ಜನ ಇದ್ದಾರೆ. ವಾರಕ್ಕೆ ಎರಡು ಗಂಟೆ ಸಾಕಾಗುತ್ತದೆ. ಮೊದಲ ಎರಡು ತಿಂಗಳು ಹಳಬರ ಜೊತೆಗೇ ಹೋಗಬೇಕು. ಚಿನ್ನದ ಬಳೆ ಮನೆಯಲ್ಲಿರಲಿ. ಮಳೆಗಾಲದಲ್ಲಿ ಕೊಡೆ ಬೇಕು, ಜಾರದ ಚಪ್ಪಲಿ ಬೇಕು. ನಮ್ಮ ಪಟ್ಟಿಯಲ್ಲಿ ಈಗ ಇಪ್ಪತ್ತಮೂರು ಮನೆಗಳಿವೆ, ಅದರಲ್ಲಿ ಕನ್ನಡದವು ಏಳು. ಕನ್ನಡ ಬಲ್ಲ ಜೋಡಿಗಳು ಎರಡೇ ಇವೆ.