ಇಳಿದ ದಿನವೇ ಊರಿಗೆಲ್ಲ ರಜೆ!

ನಮ್ಮ ಕೋಲಾರದ ಕಡೆ ಹಬ್ಬ ಅಂದ್ರೆ ಬಜಾರು ಗಿಜಿಗುಟ್ಟಬೇಕು. ಹಬ್ಬದ ಬೆಳಿಗ್ಗೆಯೂ ಹೂವು, ಬಾಳೆಕಂದು ಮಾರೋರು ಇದ್ದೇ ಇರ್ತಾರೆ. ಏನಾದ್ರೂ ಮರೆತಿದ್ದರೆ ಬೀದಿ ಕೊನೆಯ ಅಂಗಡಿಗೆ ಓಡಿದರಾಯ್ತು. ಇದೇ ಅಭ್ಯಾಸ ಇಟ್ಟುಕೊಂಡು ಎಂ.ಎಸ್. ಓದೋಕೆ ಜರ್ಮನಿಗೆ ಹೋದರೆ ಮೊದಲ ದಿನವೇ ಉಪವಾಸ ಬೀಳಬಹುದು.

ಶ್ರೀನಿವಾಸಪುರದ ನಮ್ಮ ಸೀನಿಯರ್ ಒಬ್ಬರಿಗೆ ಹಾಗೇ ಆಯ್ತು. 2024ರ ಅಕ್ಟೋಬರ್ 3, ಗುರುವಾರ. ಇಲ್ಲಿ ಮನೆಯಲ್ಲಿ ನವರಾತ್ರಿಯ ಮೊದಲ ದಿನ, ಅಮ್ಮ ಗೊಂಬೆ ಕೂರಿಸುತ್ತಿದ್ದರು. ಅಲ್ಲಿ ಮಗ ಎರಡು ಸೂಟ್‌ಕೇಸ್ ಎಳೆದುಕೊಂಡು ಹಾಸ್ಟೆಲ್ ಮುಂದೆ ನಿಂತಿದ್ದರೆ, ಆಫೀಸಿಗೆ ಬೀಗ. ರೂಮಿನ ಕೀ ಇಲ್ಲ, ಸೂಪರ್ ಮಾರ್ಕೆಟ್ ಇಲ್ಲ, ರಸ್ತೆಯಲ್ಲಿ ಜನವೂ ಇಲ್ಲ. ಅಷ್ಟರಲ್ಲಿ ಅಮ್ಮನ ಫೋನು: "ಊಟ ಆಯ್ತೇನಪ್ಪಾ?" ಇವರು "ಆಯ್ತಮ್ಮ" ಅಂದುಬಿಟ್ಟರು. ಆಗಿರಲಿಲ್ಲ.

ಯಾಕೆ ಹೀಗೆ? ಪೂರ್ವ, ಪಶ್ಚಿಮ ಜರ್ಮನಿ ಒಂದಾಗಿದ್ದು 1990ರ ಅಕ್ಟೋಬರ್ 3ರಂದು. ಆ ದಿನ 16 ರಾಜ್ಯಗಳಲ್ಲೂ ರಜೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳು ವಿಶ್ರಾಂತಿಯ ದಿನಗಳು ಅಂತ ಅಲ್ಲಿನ ಸಂವಿಧಾನವೇ ಹೇಳುತ್ತದೆ. ಈ ಮಾತು 1919ರ ವೈಮಾರ್ ಸಂವಿಧಾನದಿಂದ ಬಂದದ್ದು. ಹಾಗಾಗಿ ಹೆಚ್ಚುಕಡಿಮೆ ಎಲ್ಲ ಅಂಗಡಿಗಳೂ ಬಂದ್. ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಶುರುವಾಗೋದರಿಂದ ನಮ್ಮ ಹುಡುಗರು ಸರಿಯಾಗಿ ಇದೇ ವಾರದಲ್ಲಿ ಹೋಗಿ ಇಳೀತಾರೆ. ಏಪ್ರಿಲ್ ಸೆಮಿಸ್ಟರ್‌ಗೆ ಹೋಗೋರಿಗೆ ಈಸ್ಟರ್ ರಜೆ ಎದುರಾಗಬಹುದು.

ಹಾಗಾದ್ರೆ ಏನ್ ಮಾಡೋದು?

ಟಿಕೆಟ್ ಬುಕ್ ಮಾಡೋ ಮುಂಚೆ ನೀವು ಹೋಗುವ ರಾಜ್ಯದ ರಜಾಪಟ್ಟಿ ನೋಡಿ. ಒಂದೊಂದು ರಾಜ್ಯಕ್ಕೆ ಒಂದೊಂದು ಪಟ್ಟಿ ಇರುತ್ತದೆ. ಕೆಲಸದ ದಿನ ಬೆಳಿಗ್ಗೆ ತಲುಪುವ ಹಾಗೆ ಹೊರಡೋದು ಎಲ್ಲಕ್ಕಿಂತ ಒಳ್ಳೇದು. ಆಗದಿದ್ದರೆ ಕೀ ಯಾರು, ಯಾವಾಗ ಕೊಡ್ತಾರೆ ಅಂತ ಮೊದಲೇ ಇಮೇಲ್ ಮಾಡಿ ಕೇಳಿ, ಮೊದಲ ರಾತ್ರಿಗೆ ಬೇರೆ ಕಡೆ ರೂಮು ಬುಕ್ ಮಾಡಿ.

ವಿಮಾನ ನಿಲ್ದಾಣ, ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳಿಗೆ ರಜೆ ದಿನವೂ ತೆರೆಯಲು ಅನುಮತಿ ಇದೆ. ಬ್ರೆಡ್ಡು, ಹಣ್ಣು ಅಲ್ಲೇ ತಗೊಂಡು ಮುಂದೆ ಹೋಗಿ. ನಲ್ಲಿ ನೀರು ಕುಡಿಯಬಹುದು.

ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ ಇರಲಿ. ಆದರೆ ಅಮ್ಮ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದೊಳಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ.

ವೀಸಾಗಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ ದುಡ್ಡು ಮೊದಲ ದಿನ ಕೈಗೆ ಸಿಗೋದಿಲ್ಲ. ಫೋರೆಕ್ಸ್ ಕಾರ್ಡು, ಜೊತೆಗೆ ಸ್ವಲ್ಪ ಯೂರೋ ನೋಟು ಜೇಬಲ್ಲಿರಲಿ. ರಜೆ ದಿನ ರೈಲು, ಬಸ್ಸು ಓಡುತ್ತವೆ, ಆದರೆ ಕಡಿಮೆ. ತುರ್ತು ಸಹಾಯಕ್ಕೆ 112.

ನಮ್ಮ ಸೀನಿಯರ್ ಕಥೆ ಏನಾಯ್ತು? ಅದೇ ಬಿಲ್ಡಿಂಗಿನ ಒಬ್ಬ ಹುಡುಗ ಇವರನ್ನ ನೋಡಿ ಒಳಗೆ ಕರೆದ, ಪಾಸ್ತಾ ಬೇಯಿಸಿ ಹಾಕಿದ, ನೆಲದ ಮೇಲೆ ಜಾಗ ಕೊಟ್ಟ. ಮುಂದಿನ ವರ್ಷ ಅಕ್ಟೋಬರ್ 3ಕ್ಕೆ ಇವರು ಹೊಸಬರಿಗಾಗಿ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಮಾಡಿಟ್ಟಿದ್ದರಂತೆ. ಆ ದಿನ ಅಮ್ಮನಿಗೆ "ಊಟ ಆಯ್ತು" ಅಂದಿದ್ದು ಮಾತ್ರ ನಿಜ.