ವಿಕಿಪೀಡಿಯಕ್ಕೆ ಬೇಕು ಕನ್ನಡ ತಿದ್ದುವ ಕೈಗಳು

ಮುಂಬಯಿ: ಮೈಸೂರು ವಿಶ್ವವಿದ್ಯಾನಿಲಯ ಹೊರತಂದ 14 ಸಂಪುಟಗಳ ಕನ್ನಡ ವಿಶ್ವಕೋಶದ ಹಿಂದೆ ಸಂಪಾದಕ ಮಂಡಳಿಯಿತ್ತು, ವಿದ್ವಾಂಸರಿದ್ದರು. ಆದರೆ 2003ರ ಜೂನ್‌ನಲ್ಲಿ ಅಂತರ್ಜಾಲದಲ್ಲಿ ಆರಂಭಗೊಂಡ ಕನ್ನಡ ವಿಕಿಪೀಡಿಯಕ್ಕೆ ಸಂಬಳದ ಸಂಪಾದಕರಿಲ್ಲ. ಬರೆಯುವವರೂ ತಿದ್ದುವವರೂ ಸ್ವಯಂಸೇವಕರೇ.

ಬರೆಯುವ ಉತ್ಸಾಹಿಗಳು ಸಿಗುತ್ತಾರೆ. ತಾಳ್ಮೆಯಿಂದ ತಿದ್ದುವವರು ಸಿಗುವುದು ಕಷ್ಟ. 2010ರ ಸುಮಾರಿಗೆ ಗೂಗಲ್ ಸಂಸ್ಥೆಯು ತನ್ನ ಅನುವಾದ ತಂತ್ರಾಂಶದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮೊದಲಾದ ಭಾಷೆಗಳಿಗೆ ತಂದಿತು. ಇದರಿಂದ ಪುಟಗಳೇನೋ ತುಂಬಿದವು, ಆದರೆ ಕನ್ನಡ ಕನ್ನಡದಂತಿರಲಿಲ್ಲ. ಅಂತಹ ವಾಕ್ಯಗಳನ್ನು ಒಂದೊಂದಾಗಿ ಸರಿಪಡಿಸುವ ಕೆಲಸ ಸ್ವಯಂಸೇವಕರ ಪಾಲಿಗೆ ಬಂತು.

ಈ ಕೆಲಸಕ್ಕೆ ಕಂಪ್ಯೂಟರ್ ಪಾಂಡಿತ್ಯ ಬೇಕಿಲ್ಲ. ಕನ್ನಡ ಟೈಪಿಂಗ್ ತಿಳಿದು, ಪುಟದ ‘ಸಂಪಾದಿಸಿ’ ಎಂಬಲ್ಲಿ ಒತ್ತಿದರಾಯಿತು. ‘ಉಚ್ಛಾರಣೆ’ಯನ್ನು ‘ಉಚ್ಚಾರಣೆ’, ‘ವಿಶಿಷ್ಠ’ವನ್ನು ‘ವಿಶಿಷ್ಟ’ ಮಾಡುವುದು, ‘ಅವರಿಂದ ಬರೆಯಲ್ಪಟ್ಟ ಕಾದಂಬರಿ’ ಎಂಬುದನ್ನು ‘ಅವರು ಬರೆದ ಕಾದಂಬರಿ’ ಎಂದು ತಿದ್ದುವುದು ದೊಡ್ಡ ಸೇವೆಯೇ. ಪ್ರತಿಯೊಂದು ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ದಾಖಲಾಗುತ್ತದೆ. ತಪ್ಪಾದರೆ ಹಿಂದಿನ ರೂಪಕ್ಕೆ ಮರಳಿಸಬಹುದು. ಆದುದರಿಂದ ಹೊಸಬರು ಅಂಜಬೇಕಾಗಿಲ್ಲ.

ಆದರೆ ಇಲ್ಲಿನ ನಿಯಮಗಳು ಕಟ್ಟುನಿಟ್ಟು. ‘ಕೊಡುಗೈ ದಾನಿ’, ‘ಅಪ್ರತಿಮ ಸಂಘಟಕ’ ಎಂಬ ಬಿರುದುಗಳಿಗೆ ಜಾಗವಿಲ್ಲ. ಯಾವ ವರ್ಷ, ಯಾವ ಹುದ್ದೆ, ಏನು ಕೆಲಸ ಎಂಬುದನ್ನು ಪ್ರಕಟಿತ ಆಧಾರದೊಂದಿಗೆ ಹೇಳಬೇಕು. ತಮ್ಮದೇ ಸಂಘದ ಬಗ್ಗೆ ತಾವೇ ಬರೆದುಕೊಳ್ಳುವುದೂ ಇಲ್ಲಿ ಉಚಿತವಲ್ಲ. ವೇದಿಕೆಯ ಹೊಗಳಿಕೆಗೆ ಒಗ್ಗಿದ ನಮಗೆ ಇದು ಮೊದಲಿಗೆ ತುಸು ಕಹಿಯೆನಿಸಬಹುದು.

ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮುಂಬಯಿ ಕನ್ನಡಿಗರ ಮಕ್ಕಳು ಮೊಬೈಲಿನಲ್ಲಿ ಕನ್ನಡದ ಕವಿಯೊಬ್ಬರ ಹೆಸರು ಹುಡುಕಿದರೆ ಹೆಚ್ಚಾಗಿ ಮೊದಲು ಕಾಣುವುದು ಈ ವಿಶ್ವಕೋಶದ ಪುಟವೇ. ಅಲ್ಲಿನ ತಪ್ಪು ಶಾಲೆಯ ಪ್ರಾಜೆಕ್ಟಿಗೂ ಇಳಿಯುತ್ತದೆ. ಮನೆಯಲ್ಲಿ ತಿದ್ದುವ ಅಜ್ಜ ಅಜ್ಜಿ ಇಲ್ಲದ ಮಗುವಿಗೆ ಅದೇ ಸರಿಯಾದ ಕನ್ನಡವಾಗಿಬಿಡುತ್ತದೆ.

ಮಹಾನಗರದ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಶಿಕ್ಷಕರು, ಸಂಘದ ಸ್ಮರಣ ಸಂಚಿಕೆಗಳ ಕರಡು ತಿದ್ದಿ ಕಣ್ಣು ಪಳಗಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ದಿನಕ್ಕೆ ಅರ್ಧ ತಾಸು, ಒಂದು ಪುಟವಾದರೂ ಸಾಕು. ಹೆಸರು ಬರದು, ಶಾಲು ಹೊದಿಸುವವರೂ ಇಲ್ಲ. ಆದರೆ ಎಲ್ಲೋ ಒಂದು ಮಗು ಶುದ್ಧ ಕನ್ನಡದ ನಾಲ್ಕು ಸಾಲು ಓದೀತು.